ಕಲಾ ಕಾಲೇಜಿನ ಕಟ್ಟಡಗಳು: ಕೃಷ್ಣಾ ದಂಡೆಯ ಆಡಳಿತ ಮಂಡಳಿಗಳಿಗೆ ಒಂದು ಬಹಿರಂಗ ಪತ್ರ

ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ ತಾಲ್ಲೂಕುಗಳ ಕಾಲೇಜು ಆಡಳಿತ ಮಂಡಳಿಗಳ ಪದಾಧಿಕಾರಿಗಳಿಗೆ, ಸರ್ಕಾರಿ ಕಾಲೇಜುಗಳ ಅಭಿವೃದ್ಧಿ ಸಮಿತಿಯ ಸದಸ್ಯರಿಗೆ ಹಾಗೂ ಕಟ್ಟಡಗಳಿಗೆ ಕೈಬಿಚ್ಚಿ ಕೊಡುವ ದಾನಿಗಳಿಗೆ,

ಮಾನ್ಯರೆ,

ಕಲಾ ಪದವಿ ಕಾಲೇಜಿಗೆ ತರಗತಿ ಕೋಣೆ, ಗ್ರಂಥಾಲಯ, ಇತಿಹಾಸ ಮತ್ತು ಭೂಗೋಳದಂಥ ವಿಷಯಗಳಿಗೆ ಕೈಕೆಲಸದ ಕೋಣೆ, ರಂಗವೇದಿಕೆ, ವಸತಿನಿಲಯ, ಆಟದ ಬಯಲು, ಶೌಚಾಲಯ, ಕುಡಿಯುವ ನೀರು ಇಷ್ಟು ಬೇಕು. ಇವುಗಳಲ್ಲಿ ತರಗತಿ ಕೋಣೆ ಹೇಗೂ ಎಲ್ಲ ಕಡೆ ಇರುತ್ತದೆ. ಉಳಿದವು ಎಷ್ಟರಮಟ್ಟಿಗೆ ಇವೆ ಎಂಬುದರ ಮೇಲೆ ಅಲ್ಲಿನ ಕಲಿಕೆಯ ಗುಣ ನಿಂತಿದೆ. ವಿಜ್ಞಾನ ವಿಭಾಗ ತೆರೆಯುವಾಗ ಪ್ರಯೋಗಾಲಯದ ಮಾತು ಮೊದಲು ಬರುತ್ತದೆ. ಗ್ಯಾಸಿನ ಕೊಳವೆ, ತೊಟ್ಟಿ, ಕಪಾಟು ಎಲ್ಲವಕ್ಕೂ ಅಂದಾಜುಪಟ್ಟಿ ತಯಾರಾಗುತ್ತದೆ. ಕಲಾ ವಿಭಾಗಕ್ಕೆ ಮಾತ್ರ ನಾಲ್ಕು ಗೋಡೆ, ಬೆಂಚು, ಕರಿಹಲಗೆ ಇದ್ದರೆ ನಡೆದೀತು ಎಂಬ ಎಣಿಕೆ ಬಹುಕಾಲದಿಂದ ಬೇರೂರಿದೆ. ಆ ಎಣಿಕೆಯನ್ನು ಬಿಡಬೇಕು ಎಂದು ಕೇಳಿಕೊಳ್ಳುವುದಕ್ಕಾಗಿ ಈ ಪತ್ರ. ಯಾವುದೇ ಒಂದು ಕಾಲೇಜಿನ ಕೊರತೆಯನ್ನು ಎತ್ತಿ ಆಡುವ ಉದ್ದೇಶ ಇಲ್ಲಿಲ್ಲ.

ಹಿಪ್ಪರಗಿ ಬ್ಯಾರೇಜಿನ ಸುತ್ತಮುತ್ತಲಿನ ಈ ಸೀಮೆ ಹಿಂದೆ ಜಮಖಂಡಿ, ಮುಧೋಳ, ಸಾಂಗಲಿ ಸಂಸ್ಥಾನಗಳಿಗೂ ಬ್ರಿಟಿಷರ ಬಿಜಾಪುರ ಜಿಲ್ಲೆಗೂ ಹಂಚಿಹೋಗಿತ್ತು. ಜಮಖಂಡಿಯಲ್ಲಿ ಪರಶುರಾಮಭಾವು ಹೈಸ್ಕೂಲು ಇತ್ತು. ಅದರಾಚೆಗಿನ ಓದಿಗೆ ಊರು ಬಿಡಲೇಬೇಕಿತ್ತು. 1886ರಲ್ಲಿ ಜಮಖಂಡಿಯಲ್ಲಿ ಹುಟ್ಟಿದ ತತ್ತ್ವಜ್ಞಾನಿ ಗುರುದೇವ ರಾನಡೆಯವರು ಆ ಹೈಸ್ಕೂಲು ಮುಗಿಸಿ ಪುಣೆಯ ಡೆಕ್ಕನ್ ಕಾಲೇಜಿಗೆ ಹೋದರು. ಮುಂದೆ ಅಲಹಾಬಾದ್ ವಿಶ್ವವಿದ್ಯಾಲಯದ ಕುಲಪತಿಗಳಾದರು. ಸಾವಳಗಿಯ ಬಿ.ಡಿ. ಜತ್ತಿಯವರು ಪದವಿ ಓದಿದ್ದು ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ. 1917ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು, 1919ರಲ್ಲಿ ಸಾಂಗಲಿಯಲ್ಲಿ ವಿಲ್ಲಿಂಗ್ಡನ್ ಕಾಲೇಜು, 1933ರಲ್ಲಿ ಬೆಳಗಾವಿಯಲ್ಲಿ ಲಿಂಗರಾಜ ಕಾಲೇಜು ಆರಂಭವಾದ ಮೇಲೆ ದಾರಿ ತುಸು ಹತ್ತಿರವಾಯಿತು. ಆದರೂ ಪರಊರಿನಲ್ಲಿ ಮಗನನ್ನು ಇಟ್ಟು ಓದಿಸುವ ಶಕ್ತಿ ಇದ್ದ ಮನೆಗಳು ಕೆಲವೇ. ಮಗಳನ್ನು ಕಳಿಸುವ ಮಾತಂತೂ ದೂರವೇ ಉಳಿಯಿತು.

ಸಂಸ್ಥಾನಗಳು 1948ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿದ ಮೇಲೆ, ಅದರಲ್ಲೂ ಏಕೀಕರಣದ ನಂತರ, ಕಾಲೇಜುಗಳು ಒಂದೊಂದಾಗಿ ಈ ಕಡೆಗೇ ಬಂದವು. 1910ರಲ್ಲಿ ಫ.ಗು. ಹಳಕಟ್ಟಿಯವರು ವಿಜಯಪುರದಲ್ಲಿ ಕಟ್ಟಿದ ಬಿ.ಎಲ್.ಡಿ.ಇ. ಸಂಸ್ಥೆ ಜಮಖಂಡಿಯಲ್ಲಿ ಕಾಲೇಜು ನಡೆಸುತ್ತಿದೆ. ಬಾಗಲಕೋಟೆಯ ಬಸವೇಶ್ವರ ವಿದ್ಯಾವರ್ಧಕ ಸಂಘ ಮುಧೋಳದಲ್ಲಿ ಎಸ್.ಆರ್. ಕಂಠಿಯವರ ಹೆಸರಿನ ಕಾಲೇಜನ್ನು, ಕೆ.ಎಲ್.ಇ. ಸಂಸ್ಥೆ ಮಹಾಲಿಂಗಪುರದ ಕಾಲೇಜನ್ನು, ಜನತಾ ಶಿಕ್ಷಣ ಸಂಘ ಬನಹಟ್ಟಿಯ ಕಾಲೇಜನ್ನು ನಡೆಸುತ್ತಿವೆ. ಇವುಗಳ ಜೊತೆಗೆ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ. 2023ರಲ್ಲಿ ಜಮಖಂಡಿಯನ್ನು ಕೇಂದ್ರವಾಗಿಸಿಕೊಂಡು ಬಾಗಲಕೋಟೆ ವಿಶ್ವವಿದ್ಯಾಲಯವೂ ಆರಂಭವಾಯಿತು. ಎರಡೇ ವರ್ಷದಲ್ಲಿ, 2025ರಲ್ಲಿ, ರಾಜ್ಯದ ಹೊಸ ವಿಶ್ವವಿದ್ಯಾಲಯಗಳನ್ನು ಉಳಿಸಬೇಕೇ ಎಂಬ ಪ್ರಶ್ನೆ ಎದ್ದಾಗ ಮುಂದೆ ಬಂದದ್ದು ಹಣ ಮತ್ತು ಕಟ್ಟಡಗಳ ಮಾತೇ. ಕಾಲೇಜು ಬರುವುದು ಒಂದು ಹಂತ, ಅದಕ್ಕೆ ತಕ್ಕ ಆವರಣ ಆಗುವುದು ಇನ್ನೊಂದು ಹಂತ. ಮೊದಲನೆಯದನ್ನು ಹಿರಿಯರು ಮಾಡಿಕೊಟ್ಟರು. ಎರಡನೆಯದು ತಮ್ಮ ಪಾಲಿಗೆ ಬಂದಿದೆ.

ಒಳ್ಳೆಯ ಕಾಲೇಜಿಗೆ ಹೊಚ್ಚಹೊಸ ಕಟ್ಟಡವೇ ಆಗಬೇಕೆಂದಿಲ್ಲ. ಧಾರವಾಡದ ಕರ್ನಾಟಕ ಕಾಲೇಜಿನ ಮುಖ್ಯ ಕಟ್ಟಡ ಮೂಲತಃ ಸದರ್ನ್ ಮರಾಠಾ ರೈಲ್ವೆಯ ಕಚೇರಿ. 1908ರಲ್ಲಿ ಆ ಕಂಪನಿ ಮದ್ರಾಸ್ ರೈಲ್ವೆಯೊಡನೆ ಕೂಡಿಕೊಂಡ ನಂತರದ ವರ್ಷಗಳಲ್ಲಿ ಆ ಕಟ್ಟಡ ವಿದ್ಯೆಗೆ ಒದಗಿಬಂತು. ಕಲ್ಲಿನ ದಪ್ಪ ಗೋಡೆ, ಎತ್ತರದ ಛಾವಣಿ, ಕೋಣೆಗಳ ಹೊರಗೆ ಉದ್ದದ ಪಡಸಾಲೆ: ಗುಮಾಸ್ತರಿಗೆಂದು ಕಟ್ಟಿದ್ದು ವಿದ್ಯಾರ್ಥಿಗಳಿಗೂ ಹಿತವಾಯಿತು. ನಂತರ ಆ ಆವರಣದಲ್ಲಿ ಸಸ್ಯೋದ್ಯಾನ ಬೆಳೆಯಿತು, ಅಣ್ಣಾಜಿರಾವ್ ಸಿರೂರ ರಂಗಮಂದಿರ ಎದ್ದಿತು. ಧಾರವಾಡದ ಬರಹಗಾರರ, ಹಾಡುಗಾರರ ಹೆಸರು ಹೇಳುವಾಗ ಅವರು ಸೇರುತ್ತಿದ್ದ ಜಾಗಗಳನ್ನು ಮರೆಯಬಾರದು.

ಕೃಷ್ಣಾ ದಂಡೆಯಲ್ಲಿ ಕಟ್ಟಡದ ವಿಚಾರ ನೆಲದಿಂದಲೇ ಶುರುವಾಗುತ್ತದೆ. ಹೊಳೆಸಾಲಿನ ಬಹುಭಾಗ ಎರೆ ಭೂಮಿ. ಮಳೆಗಾಲದಲ್ಲಿ ಎರೆ ನೀರು ಕುಡಿದು ಉಬ್ಬುತ್ತದೆ. ಬೇಸಿಗೆಯಲ್ಲಿ ಕುಗ್ಗಿ, ಕೈ ಇಳಿಯುವಷ್ಟು ಅಗಲ ಬಿರಿಯುತ್ತದೆ. ಬುನಾದಿ ಆ ಪದರದಲ್ಲೇ ನಿಂತರೆ ಕಟ್ಟಡವೂ ವರ್ಷಕ್ಕೊಮ್ಮೆ ಏರಿ ಇಳಿಯುತ್ತದೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಮೇಲಕ್ಕೆ ಹೋಗುವ ಬಿರುಕು ಕಂಡರೆ ದೋಷ ಗಾರೆಯದ್ದಲ್ಲ, ಬುನಾದಿಯದ್ದು ಎಂದು ತಿಳಿಯಬೇಕು. ಎರೆಯನ್ನು ದಾಟಿ ಗಟ್ಟಿ ಗರಸು ಸಿಗುವವರೆಗೆ ಅಗೆಯುವುದು, ಅಷ್ಟು ಆಳಕ್ಕೆ ಗರಸು ಸಿಗದಿದ್ದರೆ ಬುಡ ಅಗಲವಾದ ಕಾಂಕ್ರೀಟ್ ಕಂಬಗಳನ್ನು ಇಳಿಸಿ ಮೇಲೆ ತೊಲೆ ಕಟ್ಟುವುದು, ಗೋಡೆಯ ಸುತ್ತ ನೀರು ಇಂಗದಂತೆ ಅಗಲವಾದ ಹಾಸು ಹಾಕುವುದು ಇದಕ್ಕೆ ಪರಿಹಾರ. ಬುನಾದಿಯಲ್ಲಿ ಉಳಿಸಿದ ಹಣ ಮುಂದೆ ಪ್ರತಿ ವರ್ಷ ಬಿರುಕು ತುಂಬುವುದಕ್ಕೆ ಖರ್ಚಾಗುತ್ತದೆ.

ಎರಡನೆಯದು ಪ್ರವಾಹ. 2005ರಲ್ಲಿ, ಮತ್ತೆ 2019ರ ಆಗಸ್ಟ್‌ನಲ್ಲಿ ಕೃಷ್ಣೆ ದಂಡೆ ಮೀರಿ ಹರಿದಳು. 2019ರಲ್ಲಿ ಮುಧೋಳದ ಕಡೆ ಘಟಪ್ರಭೆಯೂ ಉಕ್ಕಿತು. ಆಲಮಟ್ಟಿ ಜಲಾಶಯದ ಈಗಿನ ಪೂರ್ಣ ಮಟ್ಟ 519.60 ಮೀಟರ್. ಅದನ್ನು 524.256 ಮೀಟರ್‌ಗೆ ಏರಿಸಲು ಕೃಷ್ಣಾ ಎರಡನೇ ನ್ಯಾಯಮಂಡಳಿ 2010ರಲ್ಲಿ ಒಪ್ಪಿದೆ. ಆದ್ದರಿಂದ ಹೊಳೆಸಾಲಿನಲ್ಲಿ ಹೊಸ ಜಾಗ ಕೊಳ್ಳುವ ಸಂಸ್ಥೆ ದರ ಕೇಳುವುದಕ್ಕಿಂತ ಮೊದಲು ಆ ನೆಲದ ಎತ್ತರ ಕೇಳಬೇಕು. ಪ್ರವಾಹದ ದಿನಗಳಲ್ಲಿ ಶಾಲೆ-ಕಾಲೇಜುಗಳೇ ಕಾಳಜಿ ಕೇಂದ್ರಗಳಾಗುತ್ತವೆ. ಹಳ್ಳಿಗೆ ಹಳ್ಳಿಯೇ ಗಂಟುಮೂಟೆ, ದನಕರುಗಳೊಡನೆ ಅಲ್ಲಿಗೆ ಬರುತ್ತದೆ. ಎತ್ತರದ ನೆಲಗಟ್ಟು, ಸಾಕಷ್ಟು ಶೌಚಾಲಯ, ದೊಡ್ಡದೊಂದು ಅಡುಗೆ ಕಟ್ಟೆ, ಕೆಡದ ನೀರಿನ ತೊಟ್ಟಿ ಇರುವ ಕಾಲೇಜು ಆ ವಾರಗಳಲ್ಲಿ ಇಡೀ ಊರನ್ನು ಕಾಯುತ್ತದೆ.

ತರಗತಿ ಕೋಣೆಗಳ ವಿಷಯ ಹೆಚ್ಚು ಹೇಳಬೇಕಾಗಿಲ್ಲ. ಬಿಸಿಲು 40 ಡಿಗ್ರಿ ಮುಟ್ಟುವ ಈ ಸೀಮೆಯಲ್ಲಿ ಕಟ್ಟಡದ ಉದ್ದನೆಯ ಬದಿಗಳು ಉತ್ತರ-ದಕ್ಷಿಣಕ್ಕೆ ಇರಬೇಕು. ಪಡುವಣ ಗೋಡೆಗೆ ಕಿಟಕಿ ಕಡಿಮೆ, ಹೊರಗೆ ಮರ ಹೆಚ್ಚು. ಕಾಂಕ್ರೀಟ್ ಮಾಳಿಗೆಯ ಕೆಳಗಿನ ಮೇಲಂತಸ್ತು ಏಪ್ರಿಲ್ ಹೊತ್ತಿಗೆ ಕಾದ ಹಂಚಾಗುತ್ತದೆ. ಮಾಳಿಗೆಗೆ ಬಿಳಿ ಸುಣ್ಣ ಬಳಿದರೂ ತಾಪ ಇಳಿಯುತ್ತದೆ, ಖರ್ಚೂ ಅಲ್ಪ. ಒಂದು ಮಾತು ಮಾತ್ರ ಒತ್ತಿ ಹೇಳಬೇಕು. ಎಲ್ಲ ಕೋಣೆಗಳೂ ನೂರು ಜನರ ಅಳತೆಯವೇ ಆಗಿದ್ದರೆ ಉಪನ್ಯಾಸ ಬಿಟ್ಟು ಬೇರೆ ಏನೂ ನಡೆಯುವುದಿಲ್ಲ. ಹದಿನೈದು-ಇಪ್ಪತ್ತು ಜನ ಮೇಜಿನ ಸುತ್ತ ಕೂತು ಒಂದು ಕವಿತೆಯನ್ನೋ ಸಂವಿಧಾನದ ಒಂದು ವಿಧಿಯನ್ನೋ ಚರ್ಚಿಸುವ ಸಣ್ಣ ಕೋಣೆಗಳು ಎರಡಾದರೂ ಬೇಕು. ಪ್ರಶ್ನೆ ಕೇಳಲು ಅಂಜುವ ಹುಡುಗಿ ಬಾಯಿ ತೆರೆಯುವುದು ಅಂಥ ಕೋಣೆಯಲ್ಲೇ.

ಇನ್ನು ಗ್ರಂಥಾಲಯ. ಕಲಾ ಕಾಲೇಜಿನ ಪ್ರಯೋಗಾಲಯ ಅದೇ. ಅಮೆರಿಕದಲ್ಲಿ ಥಾಮಸ್ ಜೆಫರ್ಸನ್ 1819ರಲ್ಲಿ ಸ್ಥಾಪನೆಯಾದ ವರ್ಜೀನಿಯಾ ವಿಶ್ವವಿದ್ಯಾಲಯದ ನಕ್ಷೆ ಬರೆದಾಗ, ಹಳೆಯ ರೂಢಿಯಂತೆ ಪ್ರಾರ್ಥನಾ ಮಂದಿರವನ್ನು ಇಡಬಹುದಾಗಿದ್ದ ನಡುಜಾಗದಲ್ಲಿ ಗ್ರಂಥಾಲಯವನ್ನು ಇಟ್ಟನು. ನಮ್ಮ ಅನೇಕ ಆವರಣಗಳಲ್ಲಿ ಗ್ರಂಥಾಲಯಕ್ಕೆ ಸಿಗುವುದು ಉಳಿದ ಕೋಣೆ: ಮೆಟ್ಟಿಲ ಕೆಳಗಿನದು, ಅಥವಾ ಮೂರನೆಯ ಅಂತಸ್ತಿನ ಕೊನೆಯದು. ಒಳಗೆ ಕಬ್ಬಿಣದ ಕಪಾಟುಗಳು, ಪ್ರತಿ ಕಪಾಟಿಗೂ ಬೀಗ, ಬೀಗದ ಕೈಗಳ ಗೊಂಚಲು ಸಿಬ್ಬಂದಿಯ ಮೇಜಿನ ಖಾನೆಯಲ್ಲಿ. ವಿದ್ಯಾರ್ಥಿ ಪುಸ್ತಕದ ಹೆಸರನ್ನು ಚೀಟಿಯಲ್ಲಿ ಬರೆದುಕೊಟ್ಟು ಹೊರಗೆ ನಿಲ್ಲಬೇಕು. ಹೆಸರೇ ಗೊತ್ತಿಲ್ಲದ ಪುಸ್ತಕ ಅವನ ಕೈಗೆ ಎಂದೂ ಬರುವುದಿಲ್ಲ. ಎಸ್.ಆರ್. ರಂಗನಾಥನ್ ಅವರು ಗ್ರಂಥಾಲಯ ಶಾಸ್ತ್ರದ ಐದು ಸೂತ್ರಗಳನ್ನು ಪ್ರಕಟಿಸಿದ್ದು 1931ರಲ್ಲಿ. ಪುಸ್ತಕ ಇರುವುದು ಬಳಕೆಗೆ ಎಂಬುದು ಅವುಗಳಲ್ಲಿ ಮೊದಲನೆಯದು. ತೆರೆದ ಕಪಾಟುಗಳ ಪದ್ಧತಿಗೆ ಅವರು ಜೀವಮಾನವಿಡೀ ವಾದಿಸಿದರು. ನಾಲ್ಕು ಪುಸ್ತಕ ಕಳೆದಾವು ಎಂಬ ಭಯಕ್ಕೆ ನಾಲ್ಕು ಸಾವಿರ ಪುಸ್ತಕಗಳನ್ನು ಬೀಗದೊಳಗೆ ಇಡುವುದು ನ್ಯಾಯವಲ್ಲ.

ಗ್ರಂಥಾಲಯದ ಅಳತೆಗೆ ಲೆಕ್ಕವಿದೆ. ಮೇಜು, ಕುರ್ಚಿ, ಓಡಾಟ ಸೇರಿ ಒಬ್ಬ ಓದುಗನಿಗೆ ಸುಮಾರು 25 ಚದರ ಅಡಿ ಬೇಕು. ಅರವತ್ತು ಜನ ಕೂಡುವ ವಾಚನಾಲಯವೆಂದರೆ 1500 ಚದರ ಅಡಿ, ಅಂದರೆ ಎರಡು ದೊಡ್ಡ ತರಗತಿ ಕೋಣೆಗಳಷ್ಟು. ಪುಸ್ತಕ ಬಹಳ ಭಾರದ ವಸ್ತು. ತುಂಬಿದ ಕಪಾಟುಗಳ ಸಾಲನ್ನು ಹೊರುವ ನೆಲವನ್ನು ತರಗತಿಯ ನೆಲದ ಎರಡು ಪಟ್ಟು ಭಾರಕ್ಕೆ ಲೆಕ್ಕ ಹಾಕಬೇಕು. ಹಳೆಯ ತರಗತಿಯನ್ನು ಗ್ರಂಥಾಲಯ ಮಾಡುವವರು ಇದನ್ನು ಇಂಜಿನಿಯರರಿಂದ ತಿಳಿದುಕೊಂಡೇ ಮುಂದುವರಿಯಬೇಕು. ಎತ್ತರದ ನೆಲಗಟ್ಟಿನ ಮೇಲೆ ನೆಲಮಹಡಿಯಲ್ಲೇ ಅದನ್ನು ಇಡುವುದು ಉತ್ತಮ; ಗಾಲಿಕುರ್ಚಿಯ ವಿದ್ಯಾರ್ಥಿಗೂ ಆಗ ದಾರಿಯಾಗುತ್ತದೆ. ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದದ ಇಳಿಜಾರು ಸಾಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ನಂತರ ಇದು ದಯೆಯ ಮಾತಾಗಿ ಉಳಿದಿಲ್ಲ.

ಬಾಗಿಲು ತೆರೆದಿರುವ ಹೊತ್ತು ಕಟ್ಟಡದಷ್ಟೇ ಮುಖ್ಯ. ಹಿಪ್ಪರಗಿ ಮತ್ತು ಸುತ್ತಲಿನ ಹೊಳೆಸಾಲಿನ ಹಳ್ಳಿಗಳ ಮಕ್ಕಳು ಬಸ್ಸಿನ ಮೇಲೆ ಅವಲಂಬಿತರು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಬಸ್ ಪ್ರಯಾಣ ಉಚಿತವಾಗಿದೆ. ಕಾಲೇಜಿನ ದಾರಿ ಸಲೀಸಾಗಿದೆ. ಆದರೆ ಮುಂಜಾನೆ ಬಸ್ ಇಳಿದದ್ದಕ್ಕೂ ಮೊದಲ ತರಗತಿಗೂ ನಡುವೆ, ಕೊನೆಯ ತರಗತಿಗೂ ಮರಳುವ ಬಸ್ಸಿಗೂ ನಡುವೆ ಗಂಟೆಗಟ್ಟಲೆ ಬಿಡುವು. ಆ ಹೊತ್ತು ನಿಲ್ದಾಣದ ಕಟ್ಟೆಯ ಮೇಲೆ ಕಳೆಯುತ್ತದೆ. ವಾಚನಾಲಯ ತರಗತಿಗಿಂತ ಒಂದು ಗಂಟೆ ಮೊದಲು ತೆರೆದು ಸಂಜೆ ಕೊನೆಯ ಬಸ್ಸಿನವರೆಗೆ ತೆರೆದಿದ್ದರೆ ಮೂರು ವರ್ಷಗಳಲ್ಲಿ ಒಬ್ಬ ವಿದ್ಯಾರ್ಥಿಗೆ ಸಿಗುವ ಓದಿನ ಹೊತ್ತು ಸಣ್ಣದಲ್ಲ. ಶಿಕ್ಷಕರ ನೇಮಕಾತಿಗೆ, ಪೊಲೀಸ್ ನೇಮಕಾತಿಗೆ ಓದುವ ಹಳೆಯ ವಿದ್ಯಾರ್ಥಿಗಳಿಗೂ ಅಲ್ಲೊಂದು ಮೂಲೆ ಮೀಸಲಿಡಬಹುದು. ಒಂದು ಕಪಾಟು ಈ ಸೀಮೆಗೇ ಇರಲಿ: ಮುಧೋಳದ ರನ್ನನ ಕಾವ್ಯಗಳು, ಹಳಕಟ್ಟಿಯವರು ಸಂಪಾದಿಸಿದ ವಚನಗಳು, 1884ರ ಬಿಜಾಪುರ ಗ್ಯಾಸೆಟಿಯರ್, ರಾನಡೆಯವರ ಗ್ರಂಥಗಳು, ನೇಕಾರಿಕೆ ಮತ್ತು ನೀರಾವರಿಯ ವರದಿಗಳು.

ವಿಷಯವಾರು ಕೋಣೆಗಳಲ್ಲಿ ಭೂಗೋಳಕ್ಕೆ ಈಗಾಗಲೇ ಒಂದಿಷ್ಟು ಜಾಗ ಸಿಕ್ಕಿದೆ, ಏಕೆಂದರೆ ಆ ವಿಷಯಕ್ಕೆ ಪ್ರಾಯೋಗಿಕ ಪರೀಕ್ಷೆ ಇದೆ. ಇತಿಹಾಸಕ್ಕೆ ಅದೂ ಇಲ್ಲ. ಐಹೊಳೆ, ಬಾದಾಮಿ, 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಪಟ್ಟದಕಲ್ಲು ಇರುವ ಜಿಲ್ಲೆ ಇದು. ತೇರದಾಳದಂಥ ಊರಿನಲ್ಲೇ ಹಳೆಯ ಶಾಸನವಿದೆ. ಇಲ್ಲಿನ ಇತಿಹಾಸದ ವಿದ್ಯಾರ್ಥಿ ಶಾಸನದ ಪಡಿಯಚ್ಚು ತೆಗೆಯುವುದನ್ನು ಕೈಯಾರೆ ಕಲಿಯಬೇಕು. ಕಲ್ಲನ್ನು ನೀರು ಹಾಕಿ ಕುಂಚದಿಂದ ತಿಕ್ಕಿ ತೊಳೆಯಬೇಕು. ಒದ್ದೆ ಕಾಗದವನ್ನು ಅದರ ಮೇಲೆ ಹಾಸಿ, ಗಟ್ಟಿ ಕೂದಲಿನ ಬ್ರಷ್‌ನಿಂದ ಮೆಲ್ಲಗೆ ಬಡಿಯುತ್ತ ಹೋದರೆ ಕಾಗದ ಅಕ್ಷರದ ಗುಳಿಗಳೊಳಗೆ ಇಳಿಯುತ್ತದೆ. ಆಮೇಲೆ ಬಟ್ಟೆಯ ಉಂಡೆಯಿಂದ ಶಾಯಿ ತಟ್ಟಬೇಕು. ಮೇಲ್ಮೈ ಕಪ್ಪಾಗುತ್ತದೆ, ಗುಳಿಯಲ್ಲಿರುವ ಅಕ್ಷರ ಬೆಳ್ಳಗೆ ಉಳಿಯುತ್ತದೆ. ಒಣಗಿದ ಮೇಲೆ ಕಾಗದ ಬಿಡಿಸಿದರೆ ಎಂಟುನೂರು ವರ್ಷ ಹಿಂದಿನ ಬರಹ ಮೇಜಿನ ಮೇಲೆ ಬಂದು ಕೂಡುತ್ತದೆ. ಇದಕ್ಕೆ ಬೇಕಾದದ್ದು ಉದ್ದದ ಒಂದು ಮೇಜು, ನಲ್ಲಿ, ಕಾಗದ ಒಣಹಾಕುವ ತಂತಿ, ಮಡಚದೆ ಇಡಲು ಅಗಲದ ಖಾನೆಗಳು. ಅದೇ ಕೋಣೆಯ ಗೋಡೆಗುಂಟ ಸಣ್ಣ ವಸ್ತುಸಂಗ್ರಹ ಬೆಳೆಯಬಹುದು: ಹಳೆಯ ನಾಣ್ಯ, ಸಂಸ್ಥಾನದ ಕಾಲದ ಕಾಗದಪತ್ರ, ರಬಕವಿ-ಬನಹಟ್ಟಿಯ ಕೈಮಗ್ಗದ ಲಾಳಿ ಮತ್ತು ಹಣಿಗೆ. ಧಾರವಾಡದಲ್ಲಿ 1939ರಲ್ಲಿ ಆರಂಭವಾದ ಕನ್ನಡ ಸಂಶೋಧನ ಸಂಸ್ಥೆ ಇಂಥದ್ದೇ ಸಂಗ್ರಹವನ್ನು ಕಟ್ಟಿಕೊಂಡು ಬೆಳೆದದ್ದು. ತಾಲ್ಲೂಕಿನ ಕಾಲೇಜು ಅದರ ಸಣ್ಣ ರೂಪವನ್ನು ಖಂಡಿತ ಕಟ್ಟಬಲ್ಲದು.

ರಂಗವೇದಿಕೆಗೆ ದೊಡ್ಡ ಸಭಾಂಗಣವೇ ಆಗಬೇಕಿಲ್ಲ. ಕೃಷ್ಣ ಪಾರಿಜಾತ, ಸಣ್ಣಾಟ, ಗೀಗೀ ಪದಗಳ ಸೀಮೆ ಇದು. ಕುಲಗೋಡ ತಮ್ಮಣ್ಣ, ಕೌಜಲಗಿ ನಿಂಗಮ್ಮನವರ ಹೆಸರು ಇನ್ನೂ ಜನರ ಬಾಯಲ್ಲಿದೆ. ಈ ಆಟಗಳು ಬೆಳೆದದ್ದು ಬಯಲಿನಲ್ಲಿ, ಜನ ಹತ್ತಿರ ಕುಳಿತ ಕಟ್ಟೆಯ ಮೇಲೆ. ಮೂರಡಿ ಎತ್ತರದ ಕಲ್ಲುಕಟ್ಟೆ, ಹಿಂದೊಂದು ಗೋಡೆ, ಅದರ ಮರೆಯಲ್ಲಿ ಬಣ್ಣದ ಕೋಣೆ, ಮುಂದೆ ಅರ್ಧ ವೃತ್ತಾಕಾರದ ಮೆಟ್ಟಿಲು, ಸುತ್ತ ನಾಲ್ಕು ಬೇವಿನ ಮರ ಇದ್ದರೆ ಬಯಲು ರಂಗಮಂದಿರ ಆದಂತೆ. ಹಗಲು ಅದೇ ತೆರೆದ ತರಗತಿ. ಶಾಂತಿನಿಕೇತನದಲ್ಲಿ ರವೀಂದ್ರನಾಥರು 1901ರಿಂದಲೇ ಮರದ ನೆರಳಿನಲ್ಲಿ ಪಾಠ ನಡೆಸಿದರು. ತಗಡಿನ ಛಾವಣಿಯ, ಮಾತು ಪ್ರತಿಧ್ವನಿಸಿ ಅರ್ಥವಾಗದ ದೊಡ್ಡ ಸಭಾಂಗಣಕ್ಕಿಂತ ಇಂಥ ಕಟ್ಟೆ ನೂರು ಪಾಲು ಮೇಲು.

ಶೌಚಾಲಯದ ಮಾತನ್ನು ಸಂಕೋಚವಿಲ್ಲದೆ ಆಡಬೇಕಾಗಿದೆ. ಕಲಾ ವಿಭಾಗದ ತರಗತಿಗಳಲ್ಲಿ ಇಂದು ಹುಡುಗಿಯರ ಸಂಖ್ಯೆ ದೊಡ್ಡದು. ದಿನವಿಡೀ ನೀರು ಕುಡಿಯದೆ ಇರುವ ಹುಡುಗಿ ಪಾಠದ ಮೇಲೆ ಗಮನ ಇಡಲಾರಳು. ಒಳಗಿನಿಂದ ಭದ್ರವಾಗಿ ಹಾಕುವ ಅಗಳಿ, ನಿಲ್ಲದ ನೀರು, ಬೆಳಕು, ಬಳಸಿದ ಪ್ಯಾಡ್ ಹಾಕಲು ಮುಚ್ಚಳದ ಡಬ್ಬಿ, ದಿನಕ್ಕೆರಡು ಸಲ ಸ್ವಚ್ಛ ಮಾಡುವ ವ್ಯವಸ್ಥೆ: ಇಷ್ಟಕ್ಕೆ ಬೇಕಾಗುವ ಹಣ ಒಂದು ಸ್ವಾಗತ ಕಮಾನಿನ ಹಣಕ್ಕಿಂತ ಬಹಳ ಕಡಿಮೆ. ವಿದ್ಯಾರ್ಥಿನಿಯರ ವಿಶ್ರಾಂತಿ ಕೋಣೆ ಬೇರೆಯೇ ಇರಬೇಕು. ಅದನ್ನು ಮುರಿದ ಬೆಂಚುಗಳ ಉಗ್ರಾಣ ಮಾಡಬಾರದು.

ವಸತಿಯ ವಿಷಯದಲ್ಲಿ ಈ ನಾಡಿಗೆ ದೊಡ್ಡ ಪರಂಪರೆಯೇ ಇದೆ. ಧಾರವಾಡದ ಮುರುಘಾಮಠ, ಬೆಳಗಾವಿಯ ನಾಗನೂರು ರುದ್ರಾಕ್ಷಿಮಠದ ಪ್ರಸಾದನಿಲಯಗಳಲ್ಲಿ ಉಂಡು ಓದಿದವರು ಸಾವಿರಾರು ಜನ. ಇಂದು ಸರ್ಕಾರದ ವಸತಿನಿಲಯಗಳೂ ಇವೆ. ಹೊಸದಾಗಿ ಕಟ್ಟುವುದಾದರೆ ಹುಡುಗಿಯರ ನಿಲಯಕ್ಕೆ ಮೊದಲ ಸ್ಥಾನ ಸಿಗಲಿ, ಅದೂ ಗ್ರಂಥಾಲಯಕ್ಕೆ ನಡೆದು ಹೋಗುವಷ್ಟು ಹತ್ತಿರದಲ್ಲಿ.

ಹಣದ ಮಾತು ಕೊನೆಗೆ. 1994ರಲ್ಲಿ ಸ್ಥಾಪನೆಯಾದ, ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಇರುವ ನ್ಯಾಕ್ ಕಾಲೇಜುಗಳ ಮೌಲ್ಯಮಾಪನ ನಡೆಸುತ್ತಿದೆ. ಅದರ ಏಳು ಮಾನದಂಡಗಳಲ್ಲಿ ನಾಲ್ಕನೆಯದು ಮೂಲಸೌಕರ್ಯ ಮತ್ತು ಕಲಿಕಾ ಸಂಪನ್ಮೂಲ. ತಂಡ ಬರುವ ತಿಂಗಳು ಗೋಡೆಗೆ ಬಣ್ಣ, ಹೋದ ತಿಂಗಳು ಬಾಗಿಲಿಗೆ ಬೀಗ ಎಂಬ ರೂಢಿ ಬೆಳೆಯಬಾರದು. ಕಟ್ಟಲು ಹಣ ಹೊಂದಿಸುವವರು ಕಾಯಲು ಹಣ ತೆಗೆದಿಡುವುದಿಲ್ಲ ಎಂಬುದೇ ನಮ್ಮ ಸಂಸ್ಥೆಗಳ ದೊಡ್ಡ ದೌರ್ಬಲ್ಯ. ಮಾಳಿಗೆ ಸೋರಿದ ಮೊದಲ ಮಳೆಗಾಲದಲ್ಲೇ ದುರಸ್ತಿ ಆದರೆ ಚೀಲ ಸಿಮೆಂಟಿನಲ್ಲಿ ಮುಗಿಯುತ್ತದೆ. ಐದು ವರ್ಷ ಬಿಟ್ಟರೆ ಒಳಗಿನ ಕಬ್ಬಿಣ ತುಕ್ಕು ಹಿಡಿದು ಕಾಂಕ್ರೀಟು ಉದುರುತ್ತದೆ, ಕೋಣೆಯೇ ಕೈಬಿಡುತ್ತದೆ.

ಆದ್ದರಿಂದ ತಮ್ಮಲ್ಲಿ ವಿನಂತಿಗಳು ಇವು. ಮುಂದಿನ ಆಡಳಿತ ಮಂಡಳಿ ಸಭೆಯಲ್ಲಿ ಹೊಸ ತರಗತಿ ಕೋಣೆಗಳ ಪ್ರಸ್ತಾವಕ್ಕಿಂತ ಮೊದಲು ಗ್ರಂಥಾಲಯದ ಜಾಗ, ಹೊತ್ತು, ಬೀಗಗಳ ವಿಷಯ ಚರ್ಚೆಗೆ ಬರಲಿ. ಪುಸ್ತಕದ ಕಪಾಟುಗಳನ್ನು ಈ ಶೈಕ್ಷಣಿಕ ವರ್ಷದಲ್ಲೇ ತೆರೆಯಬೇಕು. ಇದಕ್ಕೆ ಹಣ ಬೇಡ, ಠರಾವು ಸಾಕು. ವಿದ್ಯಾರ್ಥಿನಿಯರ ಶೌಚಾಲಯಗಳನ್ನು ಮಂಡಳಿಯ ಸದಸ್ಯರು ಮಹಿಳಾ ಅಧ್ಯಾಪಕರೊಡನೆ ರಜೆಯ ದಿನವೊಂದರಲ್ಲಿ ಖುದ್ದಾಗಿ ನೋಡಬೇಕು. ಇತಿಹಾಸ ವಿಭಾಗಕ್ಕೆ ಒಂದು ಕೋಣೆ, ಒಂದು ಉದ್ದದ ಮೇಜು ಮಂಜೂರಾಗಲಿ. ವಾರ್ಷಿಕ ಆಯವ್ಯಯದಲ್ಲಿ ದುರಸ್ತಿಗೆಂದೇ ಬೇರೆ ಬಾಬ್ತು ಇರಲಿ, ಆ ಹಣ ಬೇರೆಡೆಗೆ ಹೋಗದಿರಲಿ. ಪ್ರಾಂಶುಪಾಲರು ಬಸ್ ಘಟಕದ ವ್ಯವಸ್ಥಾಪಕರೊಡನೆ ಕೂತು ಸಂಜೆಯ ಬಸ್ಸಿಗೂ ವಾಚನಾಲಯದ ಹೊತ್ತಿಗೂ ಹೊಂದಿಸಬೇಕು.

ದಾನಿಗಳಲ್ಲಿ ಪ್ರತ್ಯೇಕ ಪ್ರಾರ್ಥನೆ: ತಂದೆತಾಯಿಯರ ಹೆಸರಿನಲ್ಲಿ ಕೊಠಡಿ ಕಟ್ಟಿಸಿಕೊಡುವ ತಮ್ಮ ಔದಾರ್ಯದಿಂದಲೇ ಈ ಕಾಲೇಜುಗಳು ನಿಂತಿವೆ. ಮುಂದಿನ ದಾನವನ್ನು ವಾಚನಾಲಯಕ್ಕೆ, ಬಯಲು ರಂಗಕ್ಕೆ, ಹೆಣ್ಣುಮಕ್ಕಳ ವಸತಿನಿಲಯಕ್ಕೆ ಕೊಡಿ. ಅದರೊಡನೆ ಅದರ ನಿರ್ವಹಣೆಗೂ ಒಂದು ಠೇವಣಿ ಇಡಿ.

ತಮ್ಮ ವಿಶ್ವಾಸದ,
ಹೊಳೆಸಾಲಿನ ಕಲಾ ವಿದ್ಯಾರ್ಥಿಗಳ ಹಿತೈಷಿ
ಹಿಪ್ಪರಗಿ